ಚಿಕಿತ್ಸಾ ಪರೀಕ್ಷೆಯೂ ಸಂಖ್ಯಾಶಾಸ್ತ್ರವೂ

ಲೋಲಕದ ಆಂದೋಲನಕಾಲವನ್ನು ಅಳೆಯಬೇಕಾದರೆ ನಾವು ಅದೇ ಲೋಲಕವನ್ನು ಹತ್ತು ಬಾರಿ ತೂಗಿಬಿಟ್ಟು ಸರಾಸರಿಯನ್ನು ತೆಗೆಯುತ್ತೇವೆ. ರೋಗಿಯ ವಿಷಯದಲ್ಲಿ ಈ ಸೌಕರ್ಯವಿಲ್ಲ. ಒಬ್ಬನೇ ಮನುಷ್ಯನು ಒಂದೇ ಕಾಯಿಲೆಯನ್ನು ಒಮ್ಮೆ ಮದ್ದಿನೊಡನೆ, ಮತ್ತೊಮ್ಮೆ ಮದ್ದಿಲ್ಲದೆ ಅನುಭವಿಸಲಾರ. ಆದುದರಿಂದ ಗುಂಪುಗಳನ್ನೇ ಹೋಲಿಸಬೇಕು. ಪಠ್ಯಪುಸ್ತಕವನ್ನು ತೆರೆದ ವಿದ್ಯಾರ್ಥಿ ಸಾಮಾನ್ಯವಾಗಿ ನೇರವಾಗಿ ಸೂತ್ರಗಳಿಗೆ ಧಾವಿಸುತ್ತಾನೆ. ಗುಂಪುಗಳನ್ನು ಮಾಡಿದ ಬಗೆಯನ್ನು ಅವನು ಮೊದಲು ವಿಚಾರಿಸಬೇಕು.

ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು 1948ರಲ್ಲಿ ಪ್ರಕಟಿಸಿದ ಕ್ಷಯರೋಗ ಪರೀಕ್ಷೆಯನ್ನು ನೋಡೋಣ. ರೋಗಿಗಳು 107 ಮಂದಿ. 55 ಜನರಿಗೆ ಹಾಸಿಗೆಯ ವಿಶ್ರಾಂತಿಯೊಡನೆ ಸ್ಟ್ರೆಪ್ಟೊಮೈಸಿನ್. ಉಳಿದ 52 ಜನರಿಗೆ ವಿಶ್ರಾಂತಿ ಮಾತ್ರ. ಆಗ ಆ ದೇಶದಲ್ಲಿ ಔಷಧವು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಇಲ್ಲದಿದ್ದರೆ ಇಂಥ ಹಂಚಿಕೆಯನ್ನು ಯಾವ ವೈದ್ಯನ ಮನಸ್ಸೂ ಸುಲಭವಾಗಿ ಒಪ್ಪುತ್ತಿರಲಿಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಅವರು ಯಾದೃಚ್ಛಿಕ ಸಂಖ್ಯೆಗಳಿಂದ ಗೊತ್ತುಮಾಡಿ, ಮೊಹರು ಮಾಡಿದ ಲಕೋಟೆಗಳಲ್ಲಿ ಇರಿಸಿದ್ದರು. ವೈದ್ಯರೇ ಆರಿಸಿದ್ದರೆ ಕನಿಕರದಿಂದ ತೀರ ಬಳಲಿದವರಿಗೋ, ಭರವಸೆಯಿಂದ ಗಟ್ಟಿಮುಟ್ಟಾದವರಿಗೋ ಮದ್ದು ಹೋಗುವ ಸಂಭವವಿತ್ತು. ಆಗ ಕಂಡ ಅಂತರವು ಮದ್ದಿನದೋ ರೋಗಿಗಳದೋ ಎಂದು ಹೇಳುವಂತಿರಲಿಲ್ಲ.

ಆರು ತಿಂಗಳಲ್ಲಿ ಮದ್ದು ಪಡೆದವರಲ್ಲಿ 4 ಮಂದಿ, ಪಡೆಯದವರಲ್ಲಿ 14 ಮಂದಿ ತೀರಿಕೊಂಡರು. ಇದು ಆಕಸ್ಮಿಕವೆ? ಮಡಕೆಯೊಂದರಲ್ಲಿ 107 ಗೋಲಿಗಳಿದ್ದು, ಅವುಗಳಲ್ಲಿ 18 ಕಪ್ಪಗಿವೆ ಎಂದು ಭಾವಿಸೋಣ. ಕಣ್ಣು ಮುಚ್ಚಿ 55ನ್ನು ತೆಗೆದರೆ ಸರಾಸರಿ ಒಂಬತ್ತಕ್ಕಿಂತ ತುಸು ಹೆಚ್ಚು ಕಪ್ಪು ಗೋಲಿಗಳು ಬರಬೇಕು. ನಾಲ್ಕೋ ಅದಕ್ಕೂ ಕಡಿಮೆಯೋ ಬರುವುದು ನೂರರಲ್ಲಿ ಒಂದು ಸಲಕ್ಕಿಂತಲೂ ವಿರಳ. ಇದನ್ನು ‘ಮದ್ದು ಫಲಕಾರಿಯಾಗಿರುವ ಸಂಭವ ನೂರಕ್ಕೆ ತೊಂಬತ್ತೊಂಬತ್ತು’ ಎಂದು ಓದುವವರು ಬಹಳ. ಅದು ತಪ್ಪು. ಮದ್ದು ನಿಷ್ಫಲವೆಂದೇ ಇಟ್ಟುಕೊಂಡರೆ ಇಷ್ಟು ಅಂತರ ಎಷ್ಟು ವಿರಳ ಎಂಬುದಷ್ಟೇ ಇದರ ಅರ್ಥ. ಹಂಚಿಕೆ ಲಕೋಟೆಯಿಂದ ನಡೆದುದರಿಂದಲೇ ಗೋಲಿಯ ಲೆಕ್ಕ ಇಲ್ಲಿ ಸಲ್ಲುತ್ತದೆ.

ಐದು ವರ್ಷಗಳ ಅನಂತರ ಅದೇ ರೋಗಿಗಳನ್ನು ಎಣಿಸಿದಾಗ ಮೃತರು 55ರಲ್ಲಿ 32, 52ರಲ್ಲಿ 35. ಈಗ ಮಡಕೆಯಲ್ಲಿ 67 ಕಪ್ಪು ಗೋಲಿಗಳು; 32 ಅಥವಾ ಅದಕ್ಕೂ ಕಡಿಮೆ ಬರುವುದು ಹೆಚ್ಚುಕಡಿಮೆ ಐದು ಸಲಕ್ಕೊಮ್ಮೆ. ಮೊದಲಿನ ಲೆಕ್ಕ ಸುಳ್ಳಾಗಲಿಲ್ಲ. ಅದು ಆರು ತಿಂಗಳ ಪ್ರಶ್ನೆಗೆ ಉತ್ತರವಾಗಿತ್ತು. ಈ ನಡುವೆ ಅನೇಕ ರೋಗಿಗಳ ದೇಹದಲ್ಲಿ ಕ್ಷಯಾಣುಗಳು ಔಷಧಕ್ಕೆ ಬಗ್ಗದಂತಾಗಿದ್ದುವು. ಪ್ಯಾರಾ-ಅಮಿನೊಸ್ಯಾಲಿಸಿಲಿಕ್ ಆಮ್ಲವನ್ನು ಜೊತೆಗೂಡಿಸಿದರೆ ಈ ತೊಡಕು ಬಹಳ ಮಟ್ಟಿಗೆ ತಪ್ಪುತ್ತದೆಂದು ಅದೇ ಮಂಡಲಿಯು ಮತ್ತೊಂದು ಪರೀಕ್ಷೆಯಿಂದ 1950ರಲ್ಲಿ ತೋರಿಸಿತು.