ಪ್ರೋಬೂ ಒಂದು ಕಂಡೆನ್ಸರೇ

ಮಗು, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಒಂದನ್ನೇ ಹಿಡಿಯುವ ರೇಡಿಯೋ ಕಟ್ಟುತ್ತೇನೆ ಅಂದೆಯಲ್ಲ, ಕಟ್ಟು. ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಬರುತ್ತದೆ: ಕಾಯಿಲ್ 200 ಮೈಕ್ರೋಹೆನ್ರಿ ಇದ್ದರೆ ಅದರ ಜೋಡಿ ಸುಮಾರು 338 ಪಿಕೋಫ್ಯಾರಡ್. ಆದರೆ 338 ಎಂದು ಬರೆದ ಕಂಡೆನ್ಸರ್ ಯಾವ ಅಂಗಡಿಯಲ್ಲೂ ಸಿಗದು. 270ರದ್ದು ಕೊಂಡು ಪಕ್ಕಕ್ಕೆ ಒಂದು ಟ್ರಿಮ್ಮರ್ ಹಾಕು.

ಎಲೆಕ್ಟ್ರಾನಿಕ್ ಸಿಟಿಯ ರೂಮಿನಲ್ಲಿ ಕೂತು ಎಲ್ಲವನ್ನೂ ಫೋನಿನಲ್ಲೇ ತರಿಸಬೇಡ. ಎಸ್.ಪಿ. ರಸ್ತೆಗೆ ಹೋಗು, ಚೀಲದಲ್ಲಿ ಮೀಟರ್ ಇರಲಿ. ಬರೀ ಸೆರಾಮಿಕ್ ಎಂದರೆ ಕೈಗೆ ಸಿಕ್ಕಿದ್ದು ಕೊಟ್ಟಾರು; ‘ಎನ್‌ಪಿಓ’ ಎಂದೇ ಕೇಳು. ವೈ5ವಿ ಜಾತಿಯದು ಸೆಖೆ ಏರಿದಂತೆ ಅರ್ಧಕ್ಕಿಂತ ಹೆಚ್ಚು ಕುಗ್ಗಬಲ್ಲದು. ಜರ್ಮೇನಿಯಂ ಡಯೋಡ್ ಅಂತ ಕೊಟ್ಟದ್ದನ್ನು ಅಲ್ಲೇ ಮೀಟರಿಗೆ ಹಚ್ಚು. 0.6 ವೋಲ್ಟಿನ ಹತ್ತಿರ ತೋರಿದರೆ ಅದು ಸಿಲಿಕಾನ್, ವಾಪಸ್ ಕೊಡು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಎನಾಮಲ್ ತಂತಿಗೆ ಮಾತ್ರ ಪೇಟೆ ಬೇಡ. ಪೀಣ್ಯದ ನಮ್ಮ ಕಡೆ ಮೋಟರ್ ರೀವೈಂಡಿಂಗ್ ಮಾಡುವವರನ್ನು ಕೇಳಿದರೆ ಉಳಿದ ತುಂಡು ಸಿಗುತ್ತದೆ.

ಇನ್ನು ಅಳೆಯುವುದು. ಮೀಟರಿಗೆ ಏನೂ ಸಿಕ್ಕಿಸದೆ ಮೊದಲು ನೋಡು. ಖಾಲಿ ವೈರುಗಳೇ ಕೆಲವು ಪಿಕೋಫ್ಯಾರಡ್ ತೋರಿಸುತ್ತವೆ. ಅದನ್ನು ಕಳೆದು ಬರೆದುಕೊ. ಕಾಯಿಲ್ ಅಳೆಯುವಾಗ ಎಲ್‌ಸಿಆರ್ ಮೀಟರಿನಲ್ಲಿ 100 ಕಿಲೋಹರ್ಟ್ಸ್ ಇದ್ದರೆ ಅದನ್ನೇ ಆರಿಸು, 1 ಕಿಲೋಹರ್ಟ್ಸ್ ಬೇಡ.

ಎಲ್ಲರೂ ಎಡವುವುದು ಮಾತ್ರ ಆಸಿಲೋಸ್ಕೋಪಿನ ಹತ್ತಿರ. ಅದರ ಪ್ರೋಬ್ 1ಎಕ್ಸ್‌ನಲ್ಲಿ ಇದ್ದರೆ ಸರ್ಕ್ಯೂಟಿಗೆ ಸುಮಾರು 100 ಪಿಕೋಫ್ಯಾರಡ್ ಸೇರಿತು ಅಂತಲೇ ಲೆಕ್ಕ. 612ರಲ್ಲಿ ಇದ್ದದ್ದು 538ಕ್ಕೆ ಇಳಿಯುತ್ತದೆ. ನೀನು ಸುತ್ತು ಬಿಚ್ಚಿ 612ಕ್ಕೆ ತಂದಿರುತ್ತೀಯ, ಪ್ರೋಬ್ ತೆಗೆದ ಕೂಡಲೇ ನಿಲಯ ಮಾಯ. 10ಎಕ್ಸ್‌ಗೆ ಹಾಕಿದರೂ 15ರಷ್ಟು ಸೇರಿ 599ರ ಹತ್ತಿರ ನಿಲ್ಲುತ್ತದೆ. ಅದಕ್ಕೇ ಪ್ರೋಬನ್ನು ಸರ್ಕ್ಯೂಟಿಗೆ ಮುಟ್ಟಿಸಲೇಬೇಡ: ಎರಡು ಸುತ್ತಿನ ಬಿಡಿ ತಂತಿಗೆ ಸಿಕ್ಕಿಸಿ, ಅದನ್ನು ಕಾಯಿಲಿನಿಂದ ಸ್ವಲ್ಪ ದೂರದಲ್ಲಿಟ್ಟು ಅಲೆ ಎಲ್ಲಿ ಏರುತ್ತದೆ ನೋಡು. ಸಿಗ್ನಲ್ ಜನರೇಟರನ್ನೂ ಹಾಗೇ ದೂರದಿಂದ ಜೋಡಿಸು. ಟ್ರಿಮ್ಮರ್ ತಿರುಗಿಸಲು ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ತಗೋ. ಲೋಹದ್ದಾದರೆ ನಿನ್ನ ಕೈಯೂ ಟ್ಯೂನಿಂಗಿಗೆ ಸೇರಿಕೊಳ್ಳುತ್ತದೆ.