ದಿನದ ಪಾಲು



ನಾವು ಸಭೆಗಳನ್ನು ಸಂದರ್ಶಿಸುತ್ತಾ ಹಳ್ಳಿಯಿಂದ ಹಳ್ಳಿಗೆ ಹೋಗುವಾಗ ಒಂದು ಮಾತನ್ನು ಪದೇ ಪದೇ ಕೇಳುತ್ತೇವೆ. ಅದೇನಂದರೆ, "ಉಪದೇಶಿಗಳೇ, ನೀವು ಹೇಳುವದೆಲ್ಲಾ ಒಳ್ಳೇದೇ ಸರಿ; ಆದರೆ ಕೂಲಿನಾಲಿ ಮಾಡಿ ಬದುಕುವ ನಮಗೆ ಹೊತ್ತೆಲ್ಲಿದೆ?" ಎಂಬದೇ. ಇದು ಸುಳ್ಳು ಮಾತೆಂದು ನಾವು ಹೇಳುವದಿಲ್ಲ. ಕೋಳಿ ಕೂಗುವಾಗ ಎದ್ದು, ಸೆಗಣಿ ಬಾಚಿ, ನೀರು ಹೊತ್ತು, ಹೊಲಕ್ಕೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವವರ ಆಯಾಸವು ನಮಗೆ ತಿಳಿಯದ್ದಲ್ಲ. ಆದರೂ ಈ ಮಾತಿನೊಳಗೆ ಒಂದು ತಪ್ಪಾದ ಎಣಿಕೆ ಅಡಗಿಕೊಂಡಿದೆ. ಮನುಷ್ಯನು ಬೆಳೆಯಬೇಕಾದರೆ ಬಹಳ ಹೊತ್ತು ಒಂದೇ ಸಾರಿ ಕೈಗೆ ಸಿಕ್ಕಬೇಕೆಂಬದೇ ಆ ಎಣಿಕೆ. ಅದು ಹಾಗಲ್ಲವೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಇಸ್ರಾಯೇಲ್ಯರು ಅರಣ್ಯದಲ್ಲಿದ್ದಾಗ ದೇವರು ಅವರಿಗೆ ಮನ್ನವನ್ನು ಕೊಟ್ಟ ರೀತಿಯನ್ನು ನೆನಪಿಗೆ ತಂದುಕೊಳ್ಳಿರಿ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಅದು ವಿವರವಾಗಿ ಬರೆದಿದೆ. ವರುಷಕ್ಕೆ ಬೇಕಾದದ್ದನ್ನು ಆತನು ಒಂದೇ ದಿನದಲ್ಲಿ ಕಣಜ ತುಂಬಿ ಕೊಡಲಿಲ್ಲ. ಆಯಾ ದಿನದ ಪಾಲನ್ನು ಆಯಾ ದಿನದ ಬೆಳಿಗ್ಗೆ ಕೂಡಿಸಿಕೊಳ್ಳಬೇಕಾಗಿತ್ತು. ಬಿಸಿಲೇರಿದ ಮೇಲೆ ಅದು ಕರಗಿಹೋಗುತ್ತಿತ್ತು. ಸಬ್ಬತ್ತಿಗಾಗಿ ಎತ್ತಿಟ್ಟದ್ದರ ಹೊರತು, ನಾಳೆಗೆಂದು ಇಟ್ಟುಕೊಂಡದ್ದು ಹುಳಬಿದ್ದು ನಾರಿತು. ಹೀಗೆ ಒಂದು ಜನಾಂಗವೇ ನಲವತ್ತು ವರುಷ ದಿನದ ಪಾಲಿನಿಂದ ಬದುಕಿತು. ದೇಹಕ್ಕೆ ಹೇಗೋ ಬುದ್ಧಿಗೂ ಆತ್ಮಕ್ಕೂ ಹಾಗೆಯೇ ಎಂದು ನಾವು ತಿಳಿಯತಕ್ಕದ್ದು.

ಈ ನಿಯಮವನ್ನು ತಮ್ಮ ಬಾಳಿನಲ್ಲಿ ನಡಿಸಿ ತೋರಿಸಿದವರಲ್ಲಿ ವಿಲಿಯಮ್ ಕೇರಿ ಅಯ್ಯನವರು ಒಬ್ಬರು. ಇವರು 1761ನೇ ಇಸವಿಯಲ್ಲಿ ಇಂಗ್ಲೆಂಡ್ ದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆಯು ನೇಯಿಗೆಯ ಕೆಲಸದವನಾಗಿದ್ದು ತರುವಾಯ ಹಳ್ಳಿಯ ಶಾಲೆಯಲ್ಲಿ ಕಲಿಸುವವನಾದನು. ಮಗನು ಹುಡುಗನಾಗಿರುವಾಗಲೇ ಜೋಡು ಹೊಲಿಯುವ ಕೆಲಸವನ್ನು ಕಲಿಯುವದಕ್ಕೆ ಹೋಗಬೇಕಾಯಿತು. ಆ ಅಂಗಡಿಯಲ್ಲಿ ಹೊಸ ಒಡಂಬಡಿಕೆಯ ಒಂದು ವ್ಯಾಖ್ಯಾನ ಪುಸ್ತಕ ಸಿಕ್ಕಿತು. ಅದರಲ್ಲಿ ಅಲ್ಲಲ್ಲಿ ಗ್ರೀಕ್ ಅಕ್ಷರಗಳಿದ್ದವು. ಓದಲಾರದ ಆ ಅಕ್ಷರಗಳನ್ನು ಹುಡುಗನು ಕಾಗದದ ಮೇಲೆ ಕಂಡಂತೆಯೇ ಬರೆದುಕೊಂಡು, ತನ್ನ ಊರಲ್ಲಿ ಅವುಗಳನ್ನು ಬಲ್ಲ ಒಬ್ಬ ನೇಯಿಗೆಯವನ ಬಳಿಗೆ ಒಯ್ದು ಕೇಳಿ ಕಲಿತನು. ಮುಂದೆ ಲ್ಯಾಟಿನ್, ಗ್ರೀಕ್, ಇಬ್ರಿಯ ಮುಂತಾದ ಭಾಷೆಗಳು ಹೀಗೆಯೇ ಚೂರು ಚೂರಾಗಿ ಅವರಿಗೆ ಬಂದವು. ದೊಡ್ಡ ಪಾಠಶಾಲೆಯ ಬಾಗಲನ್ನು ಅವರು ವಿದ್ಯಾರ್ಥಿಯಾಗಿ ದಾಟಲಿಲ್ಲ.

ಅವರ ಶ್ರಮೆಗೆ ಒಂದು ಗುರಿಯೂ ಇತ್ತು. ಅಂಗಡಿಯ ಗೋಡೆಯ ಮೇಲೆ, ಕಾಗದಗಳನ್ನು ಒಂದಕ್ಕೊಂದು ಅಂಟಿಸಿ ತಾವೇ ಬರೆದ ಭೂಪಟವನ್ನು ತೂಗಹಾಕಿ, ಆಯಾ ದೇಶದ ಜನಸಂಖ್ಯೆಯನ್ನೂ ಸ್ಥಿತಿಯನ್ನೂ ಅದರಲ್ಲಿ ಗುರುತಿಸಿಕೊಂಡಿದ್ದರು. ಕೈ ಜೋಡಿನ ಮೇಲೆ, ಕಣ್ಣು ಆಗಾಗ ಪಟದ ಮೇಲೆ. ಗುರಿಯಿಲ್ಲದ ಅಭ್ಯಾಸವು ಗಾಣದ ಎತ್ತಿನಂತೆ ಸುತ್ತುತ್ತಾ ಇರುವದು. ಅಭ್ಯಾಸವಿಲ್ಲದ ಗುರಿಯು ಕನಸಿನ ಗಂಟಿನಂತೆ ಬೆಳಗಾದ ಕೂಡಲೆ ಮಾಯವಾಗುವದು.

1793ರಲ್ಲಿ ಅವರು ಬಂಗಾಳಕ್ಕೆ ಬಂದರು. 1800ರಿಂದ ಶ್ರೀರಾಮಪುರದಲ್ಲಿ ನೆಲೆಸಿ, ಮರುವರುಷದಿಂದ ಕಲ್ಕತ್ತೆಯ ಫೋರ್ಟ್ ವಿಲಿಯಮ್ ಕಾಲೇಜಿನಲ್ಲಿಯೂ ಕಲಿಸುತ್ತಿದ್ದರು. 1806ರ ಜೂನ್ ತಿಂಗಳಲ್ಲಿ ಒಬ್ಬ ಸ್ನೇಹಿತನಿಗೆ ಬರೆದ ಕಾಗದದಲ್ಲಿ ತಮ್ಮ ಒಂದು ದಿನವನ್ನು ವಿವರಿಸಿದ್ದಾರೆ. ಆರು ಗಂಟೆಗೆ ಕಾಲು ಗಂಟೆ ಇರುವಾಗ ಎದ್ದು ಇಬ್ರಿಯ ಭಾಷೆಯಲ್ಲಿ ಒಂದು ಅಧ್ಯಾಯವನ್ನು ಓದಿ, ಏಳರ ವರೆಗೆ ಏಕಾಂತ ಪ್ರಾರ್ಥನೆ. ಬಳಿಕ ಮನೆಯ ಕೆಲಸದವರ ಸಂಗಡ ಬಂಗಾಳಿಯಲ್ಲಿ ಕುಟುಂಬ ಪ್ರಾರ್ಥನೆ. ಚಹಾ ಸಿದ್ಧವಾಗುವಷ್ಟರಲ್ಲಿ ಮುನ್ಷಿಯ ಸಂಗಡ ಸ್ವಲ್ಪ ಪಾರಸಿ. ಊಟವಾದ ಕೂಡಲೆ ಪಂಡಿತರೊಡನೆ ಹತ್ತು ಗಂಟೆಯ ವರೆಗೆ ಸಂಸ್ಕೃತದಿಂದ ರಾಮಾಯಣದ ತರ್ಜುಮೆ. ಅಲ್ಲಿಂದ ಮಧ್ಯಾಹ್ನ ಒಂದು ಗಂಟೆ ದಾಟುವ ತನಕ ಕಾಲೇಜು. ತಿರಿಗಿ ಬಂದು ಯೆರೆಮೀಯನ ಗ್ರಂಥದ ಬಂಗಾಳಿ ಅಚ್ಚಿನ ಕರಡನ್ನು ತಿದ್ದುವದು. ಆ ಮೇಲೆ ಮತ್ತಾಯನ ಸುವಾರ್ತೆಯ ಒಂದು ಅಧ್ಯಾಯದ ಹೆಚ್ಚಿನ ಭಾಗವನ್ನು ಸಂಸ್ಕೃತಕ್ಕೆ ತಿರುಗಿಸುವದು. ಆರರ ಮೇಲೆ ತೆಲುಗು ಕಲಿಯುವದು. ರಾತ್ರಿ ಏಳೂವರೆಗೆ ಪ್ರಸಂಗ. ಜನರು ಹೋದ ಮೇಲೆ ಹನ್ನೊಂದರ ಸಮೀಪದ ವರೆಗೆ ಯೆಹೆಜ್ಕೇಲನ ಒಂದು ಅಧ್ಯಾಯದ ತರ್ಜುಮೆ.

ಇಷ್ಟನ್ನು ನೀವೂ ಮಾಡಿರೆಂದು ನಾವು ಹೇಳುವದಿಲ್ಲ. ಅದರ ಕಟ್ಟಡವನ್ನು ಮಾತ್ರ ನೋಡಿರಿ. ಒಂದು ಅಧ್ಯಾಯ, ಸ್ವಲ್ಪ ಪಾರಸಿ, ಒಂದು ಕರಡು: ಎಲ್ಲವೂ ಚಿಕ್ಕ ಪಾಲುಗಳೇ. ಪ್ರತಿಯೊಂದಕ್ಕೂ ಅದರದರ ಹೊತ್ತು ಉಂಟು. ತನ್ನಲ್ಲಿ ವಿಶೇಷವಾದ ಬುದ್ಧಿಯೇನೂ ಇಲ್ಲ, ಹಿಡಿದ ಕೆಲಸದಲ್ಲಿ ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯಬಲ್ಲೆನು, ಅಷ್ಟೇ ಎಂಬ ಅರ್ಥದಲ್ಲಿ ಅವರು ತಮ್ಮನ ಮಗನಿಗೆ ಹೇಳಿದ್ದುಂಟು.

ಆದರೆ ಪಾಲು ಪಾಲಾಗಿ ಕೂಡಿಸಿದ್ದು ಒಂದೇ ರಾತ್ರಿಯಲ್ಲಿ ಹೋಗುವದೂ ಉಂಟು. 1812ರ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕೇರಿ ಅಯ್ಯನವರು ಆಗ ಕಲ್ಕತ್ತೆಯಲ್ಲಿದ್ದರು. ಕಾಗದದ ರಾಶಿಗಳೂ ಅಚ್ಚಿನ ಮೊಳೆಗಳೂ ಅನೇಕ ವರುಷಗಳ ಕೈಬರಹಗಳೂ ನಷ್ಟವಾದವು. ಅವುಗಳಲ್ಲಿ ನಮ್ಮ ಕನ್ನಡ ಭಾಷೆಯ ಹೊಸ ಒಡಂಬಡಿಕೆಯ ತರ್ಜುಮೆಯೂ ಒಂದು. ಅಚ್ಚಿನ ಯಂತ್ರಗಳು ಉಳಿದವು. ಬೂದಿಯೊಳಗೆ ಹುಡುಕುವಾಗ ಅಕ್ಷರಗಳನ್ನು ಎರಕ ಹೊಯ್ಯುವ ಉಕ್ಕಿನ ಪಡಿಯಚ್ಚುಗಳೂ ಸಿಕ್ಕಿದವು. ಕರಗಿದ ಸೀಸವನ್ನು ಕೂಡಿಸಿ ತಿರಿಗಿ ಎರಕ ಹೊಯ್ಯಲು ತೊಡಗಿದರು. ಒಂದು ದಾರಿಯಲ್ಲಿ ಎರಡನೇ ಸಾರಿ ನಡೆಯುವದು ದುಃಖಕರವಾದರೂ ಮೊದಲಿಗಿಂತ ಸುಲಭವೂ ನಿಶ್ಚಯವೂ ಆಗಿರುವದೆಂಬ ಭಾವವನ್ನು ಅವರು ಆಗ ಬರೆದು ತಿಳಿಸಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣವು ಅಚ್ಚಾಯಿತು. ಸುಟ್ಟುಹೋದ ಹೊಸ ಒಡಂಬಡಿಕೆಯೂ ಹೊಸದಾಗಿ ಸಿದ್ಧವಾಗಿ ಆ ಸ್ಥಳದಿಂದಲೇ ಹೊರಬಂದಿತು.

ಈ ಸಂಗತಿಯು ನಮಗೆ ಬಹಳ ಆದರಣೆಯನ್ನು ಕೊಟ್ಟಿದೆ. ಯಾಕಂದರೆ ನಾವು ಸಹ ಈ ವಿಷಯದಲ್ಲಿ ಕುಂದಿಲ್ಲದವರಲ್ಲ. ಒಂದು ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಜ್ವರ ಬಂತು. ಬೆಳಗಿನ ಓದು ಒಂದು ದಿನ ತಪ್ಪಿತು, ವಾರ ತಪ್ಪಿತು. ಜ್ವರ ವಾಸಿಯಾದ ಮೇಲೂ ನಾಚಿಕೆಯಿಂದ ಪುಸ್ತಕವನ್ನು ತೆರೆಯಲಿಲ್ಲ. ಹೀಗೆ ಒಂಭತ್ತು ತಿಂಗಳು ಕಳೆದವು. ಹೊರಗೆ ಮಾತ್ರ ಎಂದಿನಂತೆ ಬೋಧಿಸುತ್ತಿದ್ದೆವು. ಒಂದು ದಿನ ಮರಣಶಯ್ಯೆಯಲ್ಲಿದ್ದ ಒಬ್ಬ ಅಜ್ಜಿಯು ನಮ್ಮ ಕೈಹಿಡಿದು, "ಏನಾದರೂ ಹೇಳಪ್ಪಾ" ಎಂದಳು. ಹಳೆಯ ಪ್ರಸಂಗದ ಮಾತುಗಳನ್ನೇ ಹೇಳಿದೆವು. ಆಕೆ ಸುಮ್ಮನೆ ನಮ್ಮ ಮುಖವನ್ನು ನೋಡಿದಳು. ಬತ್ತಿದ ಬಾವಿಗೆ ಕೊಡ ಇಳಿಸಿದ ಸದ್ದು ನಮ್ಮ ಕಿವಿಗೆ ಆ ಹೊತ್ತಿನಲ್ಲಿ ಕೇಳಿಸಿತು. ಆ ರಾತ್ರಿಯೇ ಬಿಟ್ಟಲ್ಲಿಂದ ತಿರಿಗಿ ಓದತೊಡಗಿದೆವು. ತಪ್ಪಿದ ಪಾಲುಗಳನ್ನೆಲ್ಲಾ ಒಟ್ಟಿಗೆ ತೀರಿಸಲು ಹೋಗದೆ, ಆ ದಿನದ್ದನ್ನು ಮಾತ್ರ ಓದಿದೆವು.

ಇನ್ನು ಹಳ್ಳಿಯ ಒಂದು ಸಂಗತಿ. ನಾವು ಬಲ್ಲ ಒಬ್ಬ ವಿಧವೆಯು ನಲವತ್ತು ದಾಟಿದ ಮೇಲೆ ಓದಲು ಕಲಿತಳು. ಆಕೆಯ ಮಗಳು ಪ್ರತಿ ಬೆಳಿಗ್ಗೆ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಲಿನಿಂದ ಒಂದೇ ಅಕ್ಷರವನ್ನು ಬರೆಯುವಳು; ತಾಯಿಯು ರೊಟ್ಟಿ ಬಡಿಯುತ್ತಾ ಅದನ್ನು ನೋಡಿ ಹೇಳುವಳು. ನಮ್ಮ ವರ್ಣಮಾಲೆಯ 49 ಅಕ್ಷರಗಳಿಗೆ 49 ದಿನ, ಅಂದರೆ ಏಳು ವಾರ. ಬಳಿಕ ಕಾಗುಣಿತ, ಒತ್ತಕ್ಷರ. ವರುಷ ತುಂಬುವದರೊಳಗೆ ಕೂಡಿಸಿ ಓದುವಷ್ಟಾದಳು. ಆ ಮೇಲೆ ಒಂದು ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾಗಿ ಬಂದಾಗ, ಆಕೆ ಅದನ್ನು ಕೈಗೆ ತಕ್ಕೊಂಡು ನಿಧಾನವಾಗಿ ಓದಿದಳು. ಬಾಯಲ್ಲಿ ಹೇಳಿದ ಮೊತ್ತ ಒಂದು, ಕಾಗದದಲ್ಲಿದ್ದ ಮೊತ್ತ ಇನ್ನೊಂದು. ಪತ್ರವನ್ನು ತಿದ್ದಿಸಿದ ಮೇಲೆ ಆಕೆ ಹೆಬ್ಬೆಟ್ಟು ಒತ್ತಲಿಲ್ಲ. ತನ್ನ ಹೆಸರನ್ನೇ ಬರೆದಳು. ಇದ್ದಲಿನ ಒಂದೊಂದು ಅಕ್ಷರವು ಆಕೆಯ ಹೊಲವನ್ನು ಉಳಿಸಿತು.

ಆದದರಿಂದ ನಾವು ಅನುಸರಿಸತಕ್ಕ ನಾಲ್ಕು ಮಾತುಗಳು:

ಮೊದಲನೆಯದು, ಪಾಲು ಚಿಕ್ಕದಾಗಿರಲಿ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರದಲ್ಲಿ ಐದು ದಿನ ಒಂದೊಂದನ್ನು ಓದಿದರೆ 52 ವಾರಗಳಲ್ಲಿ ಸರಿಯಾಗಿ ಮುಗಿಯುವದು.

ಎರಡನೆಯದು, ಅದನ್ನು ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿರಿ. ಹಾಲು ಕರೆದ ಮೇಲೆ, ದೀಪ ಹಚ್ಚಿದ ಮೇಲೆ, ಎತ್ತಿಗೆ ಮೇವು ಹಾಕಿದ ಮೇಲೆ ಎಂದು ಗೊತ್ತುಮಾಡಿಕೊಳ್ಳಿರಿ. "ಹೊತ್ತು ಸಿಕ್ಕಿದಾಗ" ಎಂಬ ಹೊತ್ತು ಎಂದಿಗೂ ಸಿಕ್ಕುವದಿಲ್ಲ.

ಮೂರನೆಯದು, ತಪ್ಪಿದರೆ ನಾಚಿ ನಿಲ್ಲದೆ ಮರುದಿನವೇ ತಿರಿಗಿ ತೊಡಗಿರಿ. ನಿನ್ನೆಯ ಮನ್ನವು ಇಂದು ಸಿಕ್ಕದು, ಇಂದಿನದು ಸಿಕ್ಕುವದು.

ನಾಲ್ಕನೆಯದು ಒಂದು ಎಚ್ಚರಿಕೆ. ಕೇರಿ ಅಯ್ಯನವರ ಚರಿತ್ರೆಯಲ್ಲಿ ಒಂದು ನೋವಿನ ಭಾಗವುಂಟು, ಅದನ್ನು ಮರೆಮಾಡಬಾರದು. ಅವರ ಹೆಂಡತಿ ಡಾರಥಿ ಅಮ್ಮನವರಿಗೆ ಈ ದೇಶಕ್ಕೆ ಬರುವದಕ್ಕೆ ಮೊದಲು ಮನಸ್ಸೇ ಇರಲಿಲ್ಲ. ಇಲ್ಲಿ ಚಿಕ್ಕ ಮಗನೊಬ್ಬನು ತೀರಿಹೋದ ಮೇಲೆ ಅವರ ಬುದ್ಧಿಯು ಕದಡಿ, ಬಹಳ ವರುಷ ಕಷ್ಟಪಟ್ಟು 1807ರಲ್ಲಿ ಮರಣಹೊಂದಿದರು. ಗಂಡುಮಕ್ಕಳು ಹಿಡಿತವಿಲ್ಲದೆ ಬೆಳೆಯುತ್ತಿರಲು, ಜೊತೆಗೆಲಸದವರಾದ ಮಾರ್ಷ್‌ಮನ್ ಅಮ್ಮನವರೂ ವಾರ್ಡ್ ಅಯ್ಯನವರೂ ಅವರನ್ನು ತಿದ್ದಿ ನಡಿಸಬೇಕಾಯಿತು. ದಿನವನ್ನು ಪಾಲು ಮಾಡುವಾಗ ಹೆಂಡತಿಗೂ ಮಕ್ಕಳಿಗೂ ಒಂದು ಪಾಲನ್ನು ಇಡಿರಿ. ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಮಾತನ್ನು ಕೇಳುವದು ಸಹ ಒಂದು ಅಭ್ಯಾಸವೇ. ಬೇರೆಯವರಿಗೆ ದೀಪವಾಗಿ ತನ್ನ ಮನೆಗೆ ಕತ್ತಲಾಗುವದು ಯಾರಿಗೂ ಬೇಡ.

ಕೇರಿ ಅಯ್ಯನವರು ಸ್ವದೇಶಕ್ಕೆ ಒಮ್ಮೆಯೂ ಹಿಂದಿರುಗದೆ ನಲವತ್ತು ವರುಷಕ್ಕೂ ಹೆಚ್ಚು ಕಾಲ ಇಲ್ಲಿಯೇ ದುಡಿದು, 1834ರ ಜೂನ್ 9ರಂದು ಶ್ರೀರಾಮಪುರದಲ್ಲಿ ನಿದ್ರೆಹೋದರು. ಅಷ್ಟು ವರುಷಗಳು ಅವರಿಗೆ ಒಟ್ಟಿಗೆ ಸಿಕ್ಕಲಿಲ್ಲ. ನಮಗೆ ಸಿಕ್ಕುವಂತೆಯೇ ಒಂದೊಂದು ದಿನವಾಗಿ ಸಿಕ್ಕಿದವು.

ಸಭೆಯಾಗಿ ಕೂಡಿದಾಗ ವಿಚಾರಿಸತಕ್ಕ ಪ್ರಶ್ನೆಗಳು:

1. ಮನ್ನವನ್ನು ನಾಳೆಗೆ ಇಟ್ಟುಕೊಂಡವರಿಗೆ ಏನಾಯಿತು? ನಾವು ನಾಳೆಗೆಂದು ಇಟ್ಟಿರುವ ಒಳ್ಳೇ ಕೆಲಸ ಯಾವದು?

2. ನಮ್ಮ ಮನೆಯಲ್ಲಿ ದಿನವೂ ತಪ್ಪದೆ ನಡೆಯುವ ಕೆಲಸ ಯಾವದು? ಅದಕ್ಕೆ ಯಾವ ಚಿಕ್ಕ ಪಾಲನ್ನು ಕಟ್ಟಬಹುದು?

3. ನಾವು ಬಿಟ್ಟುಬಿಟ್ಟ ಒಳ್ಳೇ ಅಭ್ಯಾಸವೊಂದನ್ನು ತಿರಿಗಿ ಹಿಡಿಯಲು ನಮಗೆ ಅಡ್ಡಿಯಾಗಿರುವದು ಹೊತ್ತೋ, ನಾಚಿಕೆಯೋ?

4. ನಮ್ಮ ಸಭೆಯಲ್ಲಿ ಅಕ್ಷರ ಕಲಿಯಬೇಕೆಂದಿರುವವರು ಯಾರು? ಅವರ ಗೋಡೆಯ ಮೇಲೆ ನಾಳೆ ಮೊದಲನೇ ಅಕ್ಷರವನ್ನು ಬರೆಯುವವರು ಯಾರು?