ಸ್ಕ್ರೀನ್ ಪಾಸ್: ಚೆಂಡು ಮುಟ್ಟದ ಇಬ್ಬರಿಗೆ ಮೊದಲ ಮಾತು

ಪುಣೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ, ಆಡಿಸುವ ಕನ್ನಡದ ಹುಡುಗರಿಗೂ ತರಬೇತುದಾರರಿಗೂ ಈ ಸೂಚನೆ. ವಿಷಯ ಒಂದೇ: ವೈಡ್ ರಿಸೀವರ್‌ಗೆ ಎಸೆಯುವ ಸ್ಕ್ರೀನ್ ಪಾಸ್. ಪೂರ್ತಿ ಓದಿ, ಒಪ್ಪಿಗೆಯಾದರೆ ಮಾತ್ರ ಆ ಆಟವನ್ನು ನಿಮ್ಮ ಪಟ್ಟಿಗೆ ಸೇರಿಸಿ. ಅರ್ಧ ಒಪ್ಪಿ ಸೇರಿಸಬೇಡಿ.

ಈ ಊರಿಗೆ ಆಟ ತೀರ ಹೊಸದಲ್ಲ. 2012ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾದ ಮೊದಲ ಋತು ಕೊಲಂಬೊದ ಸುಗತದಾಸ ಕ್ರೀಡಾಂಗಣದಲ್ಲಿ ನಡೆದಾಗ ಪ್ರಶಸ್ತಿ ಗೆದ್ದದ್ದು ಪುಣೆ ಮರಾಠಾಸ್; ಫೈನಲ್‌ನಲ್ಲಿ ಡೆಲ್ಲಿ ಡಿಫೆಂಡರ್ಸ್ ವಿರುದ್ಧ 6-0. ಬೆಂಗಳೂರಿನ ವಾರ್‌ಹಾಕ್ಸ್ ತಂಡವೂ ಅಲ್ಲಿತ್ತು. ಆ ಲೀಗ್ ಬೇರು ಬಿಡಲಿಲ್ಲ. ಆದರೆ ಅಂದು ರಗ್ಬಿ, ಕಬಡ್ಡಿ ಮೈದಾನಗಳಿಂದ ಹುಡುಗರು ಬಂದಂತೆ ಇಂದಿಗೂ ಅಲ್ಲಿಂದಲೇ ಬರುತ್ತಾರೆ, ಮೈಗೆ ಅಂಟಿದ ಅಭ್ಯಾಸಗಳ ಸಮೇತ. ಸ್ಕ್ರೀನ್ ಪಾಸ್ ಕೆಡುವುದು ಆ ಅಭ್ಯಾಸಗಳಲ್ಲೇ.

ಕ್ವಾರ್ಟರ್‌ಬ್ಯಾಕ್ ಚೆಂಡನ್ನು ದೂರಕ್ಕೆ ಎಸೆಯುವುದಿಲ್ಲ. ಸ್ಕ್ರಿಮೇಜ್ ಗೆರೆಯ ಹಿಂದೆಯೇ, ಅಂಚಿನ ಕಡೆ ಇರುವ ರಿಸೀವರ್‌ಗೆ ಥಟ್ಟನೆ ಕೊಡುತ್ತಾನೆ. ರಿಸೀವರ್‌ನ ಮುಂದೆ ಜೊತೆಗಾರರಿಬ್ಬರು ಮರೆಯಾಗಿ ನಿಂತು ಎದುರಾಳಿಗಳನ್ನು ತಡೆಯುತ್ತಾರೆ. ಸ್ಕ್ರೀನ್ ಎಂದರೆ ಆ ಮರೆ. ಎಸೆತ ಸುಲಭ, ಹಿಡಿತ ಸುಲಭ, ಆದ್ದರಿಂದ ಆಟವೇ ಸುಲಭ ಎಂದು ಎಲ್ಲರೂ ಭಾವಿಸುತ್ತಾರೆ. ಹಾಗಲ್ಲ. ಇಲ್ಲಿ ಗಜಗಳನ್ನು ಗಳಿಸಿಕೊಡುವವರು ಚೆಂಡು ಮುಟ್ಟದ ಆ ಇಬ್ಬರು.

ಮಾಡಬೇಕಾದ್ದು: ತಡೆಯುವವರನ್ನು ಮೊದಲು ಆರಿಸಿ

ನಿಮ್ಮ ಅತಿ ವೇಗದ ಹುಡುಗನನ್ನು ನೋಡಿ ಸ್ಕ್ರೀನ್ ಬರೆಯಬೇಡಿ. ಅವನ ಪಕ್ಕ ನಿಲ್ಲುವವನನ್ನು ನೋಡಿ ಬರೆಯಿರಿ. ತಡೆಯಲು ಮನಸ್ಸಿಲ್ಲದ ರಿಸೀವರ್ ಎಷ್ಟೇ ಚೆನ್ನಾಗಿ ಹಿಡಿಯಲಿ, ಆ ಬದಿಗೆ ಸ್ಕ್ರೀನ್ ಕರೆಯುವ ಹಾಗಿಲ್ಲ. ತಡೆಯುವವನು ಎದುರಾಳಿಯನ್ನು ಬೀಳಿಸಬೇಕಾಗಿಲ್ಲ. ಚೆಂಡು ಹಿಡಿದವನು ಪಕ್ಕದಿಂದ ಹಾದುಹೋಗುವಷ್ಟು ಹೊತ್ತು ಅಡ್ಡ ನಿಂತರೆ ಸಾಕು. ಅಂಗೈಗಳು ಎದುರಾಳಿಯ ಎದೆಯ ಮೇಲೆ, ಮೊಣಕೈ ಒಳಗೆ, ಕಾಲು ನಿಲ್ಲದೆ ಚಲಿಸುತ್ತಿರಬೇಕು. ಓಡಿಹೋಗಿ ಗುದ್ದಿದರೆ ಅವನು ಜಾರಿಕೊಳ್ಳುತ್ತಾನೆ. ಹತ್ತಿರ ಬಂದಾಗ ವೇಗ ತಗ್ಗಿಸಿ, ಮೊಣಕಾಲು ಬಾಗಿಸಿ, ಅವನ ಹೊಟ್ಟೆಯ ಮೇಲೆ ಕಣ್ಣಿಡಿ. ಭುಜ, ತಲೆ ಸುಳ್ಳು ಹೇಳುತ್ತವೆ, ಹೊಟ್ಟೆ ಹೇಳುವುದಿಲ್ಲ. ರೈಡರ್‌ನನ್ನು ಹಿಡಿಯುವಾಗ ಕಬಡ್ಡಿ ಹುಡುಗರು ಇದನ್ನೇ ಮಾಡುತ್ತಾರೆ, ಅವರಿಗೆ ಬೇಗ ಬರುತ್ತದೆ.

ಆದರೆ ಕಬಡ್ಡಿಯವರಿಗೆ ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ಹಿಡಿಯಬೇಡಿ. ಕಬಡ್ಡಿಯಲ್ಲಿ ಕಣಕಾಲು, ತೊಡೆ, ಸೊಂಟ ಹಿಡಿಯುವುದೇ ರಕ್ಷಣೆ. ಇಲ್ಲಿ ಚೆಂಡಿಲ್ಲದವನ ಜರ್ಸಿ ಬೆರಳಿಗೆ ಸಿಕ್ಕಿಕೊಂಡರೂ ಹೋಲ್ಡಿಂಗ್, 10 ಗಜ ದಂಡ. ಗಳಿಸಿದ ಗಜಗಳೂ ಹೋದವು. ಎದುರಾಳಿ ನಿಮ್ಮನ್ನು ದಾಟಿ ಹೋದನೆಂದರೆ ಕೈ ಎತ್ತಿ ಬಿಟ್ಟುಬಿಡಿ. ಹಿಂದಿನಿಂದ ಬೆನ್ನಿಗೆ ತಳ್ಳಿದರೂ 10 ಗಜ. ನಿಮ್ಮನ್ನು ನೋಡದೆ ಓಡುತ್ತಿರುವವನಿಗೆ ಪಕ್ಕದಿಂದ ಬಂದು ಭುಜದಿಂದಾಗಲಿ ಹೆಲ್ಮೆಟ್‌ನಿಂದಾಗಲಿ ಅಪ್ಪಳಿಸಲೇಬಾರದು. ಅಮೆರಿಕದ ಎನ್‌ಎಫ್‌ಎಲ್ 2019ರಲ್ಲಿ ಅಂಥ ಹೊಡೆತವನ್ನು ನಿಷೇಧಿಸಿ 15 ಗಜ ದಂಡ ಹಾಕಿತು. ದಂಡದ ಮಾತು ಬಿಡಿ, ಅವನೂ ಯಾರದೋ ಮನೆಯ ಹುಡುಗ. ಅವನ ಕುತ್ತಿಗೆ ನಿಮ್ಮ ಕೈಯಲ್ಲಿದೆ ಎಂದುಕೊಂಡೇ ಆಡಿ.

ರಗ್ಬಿಯಿಂದ ಬಂದವರ ತೊಡಕು ಬೇರೆ. ರಗ್ಬಿಯಲ್ಲಿ ಚೆಂಡಿಗಿಂತ ಮುಂದೆ ಇರುವವನು ಆಟದಲ್ಲಿಲ್ಲ. ಚೆಂಡು ಹಿಡಿದವನ ಮುಂದೆ ಓಡಿ ದಾರಿ ಬಿಡಿಸಿದರೆ ಅದು ಅಡ್ಡಿ, ತಪ್ಪು. ವರ್ಷಗಟ್ಟಲೆ ಹಾಗೆ ಆಡಿದ ಹುಡುಗ ಚೆಂಡು ಹಾರಿದೊಡನೆ ತನಗರಿವಿಲ್ಲದೆ ಹಿಂದೆ ಸರಿಯುತ್ತಾನೆ. ಅವನನ್ನು ಬೈಯಬೇಡಿ. ಈ ಆಟದಲ್ಲಿ ಮುಂದೆ ಹೋಗುವುದು ತಪ್ಪಲ್ಲ, ಅದೇ ಅವನ ಕೆಲಸ ಎಂದು ನಡೆದಾಡಿಸಿ ತೋರಿಸಿ. ಒಂದೇ ವಾರದಲ್ಲಿ ಹೋಗುವ ಅಭ್ಯಾಸವಲ್ಲ ಅದು.

ಮಾಡಬೇಕಾದ್ದು: ಎಣಿಸಿ

ಚೆಂಡು ಹೊರಡುವ ಮೊದಲು ಕ್ವಾರ್ಟರ್‌ಬ್ಯಾಕ್ ಆ ಬದಿಯ ತಲೆಗಳನ್ನು ಎಣಿಸಬೇಕು. ನಮ್ಮವರು ಮೂವರು, ಅವರ ಕಡೆ ಹತ್ತಿರದಲ್ಲಿ ಇಬ್ಬರೇ: ಎಸೆಯಿರಿ. ಮೂವರಿಗೆ ಮೂವರು: ಎಸೆಯಬೇಡಿ. ನಮ್ಮವರು ಇಬ್ಬರು, ಅವರ ಕಾರ್ನರ್ ಏಳೆಂಟು ಗಜ ಹಿಂದೆ ನಿಂತಿದ್ದಾನೆ, ಒಳಗಿನವನು ಓಟ ತಡೆಯಲು ಮಧ್ಯಕ್ಕೆ ವಾಲಿದ್ದಾನೆ: ಎಸೆಯಿರಿ. ಕಾರ್ನರ್ ರಿಸೀವರ್‌ನ ಮೂಗಿಗೆ ಮೂಗು ತಾಗಿಸಿ ನಿಂತಿದ್ದರೆ ಬೇಡವೇ ಬೇಡ.

ವೃತ್ತಿಪರ ತಂಡಗಳು ಇದನ್ನು ಓಟದ ಆಟಕ್ಕೇ ಕಟ್ಟಿಬಿಡುತ್ತವೆ: ಒಳಗಿನ ಆ ಒಬ್ಬ ರಕ್ಷಕ ಓಟದ ಕಡೆ ನುಗ್ಗಿದರೆ ಹೊರಗೆ ಸ್ಕ್ರೀನ್, ಹೊರಗೇ ಉಳಿದರೆ ಚೆಂಡು ಓಟಗಾರನಿಗೆ. ನಿಮ್ಮ ಕ್ವಾರ್ಟರ್‌ಬ್ಯಾಕ್‌ಗೆ ಎಣಿಸಿ ಆಟ ಬದಲಿಸುವ ಅಧಿಕಾರ ಕೊಡಿ. ಗೆರೆಯಾಚೆ ನಿಂತ ತರಬೇತುದಾರನಿಗೆ ಕಾಣದ್ದು ಅವನಿಗೆ ಕಾಣುತ್ತದೆ. ಕೊಟ್ಟ ಮೇಲೆ ಅವನು ಸ್ಕ್ರೀನ್ ಬಿಟ್ಟು ಓಟ ಆಡಿಸಿದ್ದಕ್ಕೆ ಗದರಿಸಬೇಡಿ.

ಮೈದಾನದ ಅಗಲವೂ ಲೆಕ್ಕಕ್ಕೆ ಬರಬೇಕು. ಅಡ್ಡಕ್ಕೆ 160 ಅಡಿ, ಅಂದರೆ 53 ಗಜಕ್ಕೆ ತುಸು ಮೇಲೆ. ಎನ್‌ಎಫ್‌ಎಲ್‌ನಲ್ಲಿ ಹ್ಯಾಷ್ ಗುರುತುಗಳು ಮಧ್ಯಕ್ಕೆ ಹತ್ತಿರ, ನಡುವೆ 18 ಅಡಿ 6 ಇಂಚು ಮಾತ್ರ. ಅಮೆರಿಕದ ಕಾಲೇಜು ಮೈದಾನದಲ್ಲಿ ಆ ಅಂತರ 40 ಅಡಿ. ಅಲ್ಲಿ ಚೆಂಡು ಒಂದು ಹ್ಯಾಷ್ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ. ಅಗಲ ಬದಿಯಲ್ಲಿ ಜಾಗ ಹೆಚ್ಚು, ನಿಜ. ಆದರೆ ಚೆಂಡು ಗಾಳಿಯಲ್ಲಿರುವ ಹೊತ್ತೂ ಹೆಚ್ಚು. ತೋಳಿನಲ್ಲಿ ಕಸುವಿಲ್ಲದ ಕ್ವಾರ್ಟರ್‌ಬ್ಯಾಕ್ ಆ ಕಡೆ ಎಸೆದರೆ ಕಾರ್ನರ್ ಓಡಿಬಂದು ಚೆಂಡನ್ನೇ ಕಿತ್ತುಕೊಂಡು ಹೋಗುತ್ತಾನೆ. ಅವನ ಮುಂದೆ ಯಾರೂ ಇರುವುದಿಲ್ಲ. ಟಿವಿಯಲ್ಲಿ ಎನ್‌ಎಫ್‌ಎಲ್ ನೋಡಿ ಕಲಿತ ಆಟವನ್ನು ಕಾಲೇಜು ಅಳತೆಯ ಮೈದಾನಕ್ಕೆ ಹಾಗೇ ತರಬೇಡಿ.

ಮಾಡಬಾರದ್ದು: ಹಿಂದಕ್ಕೆ ಎಸೆಯುವುದು

ಈ ಸೂಚನೆಯಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವಿರಾದರೆ ಇದನ್ನು ಇಟ್ಟುಕೊಳ್ಳಿ. ಮುಂದಕ್ಕೆ ಎಸೆದ ಚೆಂಡು ನೆಲಕ್ಕೆ ಬಿದ್ದರೆ ಆಟ ಅಲ್ಲಿಗೆ ನಿಂತಿತು, ಗಜಗಳ ನಷ್ಟವಿಲ್ಲ. ಹಿಂದಕ್ಕೆ ಎಸೆದದ್ದು ಬಿದ್ದರೆ ಚೆಂಡು ಇನ್ನೂ ಜೀವಂತ. ಯಾರು ಎತ್ತಿದರೆ ಅವರದು. ಸ್ಕ್ರೀನ್‌ನಲ್ಲಿ ರಿಸೀವರ್ ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು, ಮುಂದಕ್ಕೆ ಹೋಗಬೇಕಾದ ಎಸೆತ ಹಿಂದಕ್ಕೆ ಹೋಗುತ್ತದೆ.

ಜುಲೈ ತಿಂಗಳ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ನಾನು ಹೇಳಿಕೊಡುತ್ತಿದ್ದ ತಂಡದ ರಿಸೀವರ್ ಹೀಗೆಯೇ ಒಂದು ಹೆಜ್ಜೆ ಹಿಂದೆ ಸರಿದ. ಒದ್ದೆ ಚೆಂಡು ಕೈಯಿಂದ ಜಾರಿತು. ಆಟ ಮುಗಿಯಿತೆಂದು ನಮ್ಮವರೆಲ್ಲ ನಿಂತರು. ಎದುರಾಳಿಯೊಬ್ಬ ಮಾತ್ರ ನಿಲ್ಲಲಿಲ್ಲ, ಎತ್ತಿಕೊಂಡು ಕೊನೆಯವರೆಗೆ ಓಡಿದ. ಆ ಹುಡುಗ ಅತ್ತ. ತಪ್ಪು ಅವನದಲ್ಲ, ನನ್ನದು. ಹೆಜ್ಜೆಯ ಲೆಕ್ಕವನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ.

ಆದ್ದರಿಂದ: ಕ್ವಾರ್ಟರ್‌ಬ್ಯಾಕ್ ಎಷ್ಟು ಗಜ ಹಿಂದೆ ನಿಲ್ಲುತ್ತಾನೆ, ರಿಸೀವರ್ ಎಲ್ಲಿ ಹಿಡಿಯುತ್ತಾನೆ ಎಂಬುದನ್ನು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ತೋರಿಸಿ. ಹೊರಕ್ಕೆ ಬಾಗಿ ಓಡುವ ಬಬಲ್ ಸ್ಕ್ರೀನ್‌ನಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಅಲ್ಲಿ ರಿಸೀವರ್ ಮೊದಲು ತುಸು ಹಿಂದಕ್ಕೇ ಬಾಗುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲಿ ಅಭ್ಯಾಸ ಮಾಡುವವರು ಚೆಂಡನ್ನು ಬಕೆಟ್ಟಿನಲ್ಲಿ ಅದ್ದಿ ಎಸೆದು ಕಲಿಯಲೇಬೇಕು. ಸೀಟಿ ಕೇಳುವವರೆಗೆ ಬಿದ್ದ ಪ್ರತಿ ಚೆಂಡಿನ ಮೇಲೂ ಬೀಳಿ, ಮುಂದಕ್ಕೋ ಹಿಂದಕ್ಕೋ ಎಂದು ಯೋಚಿಸಬೇಡಿ.

ತಡಮಾಡಿ ಎಸೆಯುವುದೂ ಅಷ್ಟೇ ಅಪಾಯ. ಬಬಲ್‌ನಲ್ಲಿ ಚೆಂಡು ಕೈಗೆ ಬಂದ ಸುಮಾರು ಒಂದು ಸೆಕೆಂಡಿನೊಳಗೆ ಹೊರಡಬೇಕು. ಹೊರಡಲಿಲ್ಲವೆಂದರೆ ಇಟ್ಟುಕೊಳ್ಳಿ, ಇಲ್ಲವೇ ರಿಸೀವರ್‌ನ ಕಾಲ ಬಳಿ ನೆಲಕ್ಕೆ ಬೀಳುವಂತೆ ಮುಂದಕ್ಕೆ ಎಸೆದುಬಿಡಿ.

ಹಿಡಿದವನಿಗೆ

ಕಬಡ್ಡಿಯ ರೈಡರ್‌ಗೆ ಮುಟ್ಟಿ ವಾಪಸ್ ಬರುವುದೇ ಗೆಲುವು. ಮಧ್ಯಗೆರೆ ಅವನ ಮನೆ. ಬಾಲೇವಾಡಿಯಲ್ಲಿ ಪುಣೇರಿ ಪಲ್ಟನ್ ಆಟ ನೋಡಿ ಬೆಳೆದ ಹುಡುಗನ ಕಾಲಿಗೆ ಆ ಮನೆಯ ದಾರಿಯೇ ಗೊತ್ತು. ಸ್ಕ್ರೀನ್ ಹಿಡಿದವನಿಗೆ ಹಿಂದೆ ಮನೆಯಿಲ್ಲ. ಕುಣಿಯುತ್ತ, ಅಡ್ಡ ಓಡುತ್ತ, ಹಿಂದೆ ಸರಿಯುತ್ತ ನಿಂತರೆ ಮುಂದಿನ ಮರೆ ಕಳಚುತ್ತದೆ. ಯಾರೂ ಯಾರನ್ನೂ ಎರಡು ಸೆಕೆಂಡಿಗಿಂತ ಹೆಚ್ಚು ತಡೆದಿಡಲಾರರು.

ನಾನು ಹುಡುಗರಿಗೆ ಹೇಳುವುದು ಖೋ-ಖೋ ನೆನಪಿಸಿಕೊಳ್ಳಿ ಎಂದು. ಆ ಆಟದ ನಿಯಮಗಳನ್ನು ಬರೆದಿಟ್ಟದ್ದು ಇದೇ ಊರಿನ ಡೆಕ್ಕನ್ ಜಿಮ್ಖಾನಾ. ಎದ್ದ ಚೇಸರ್ ಒಂದು ದಿಕ್ಕು ಹಿಡಿದ ಮೇಲೆ ಕಂಬದವರೆಗೆ ತಿರುಗುವಂತಿಲ್ಲ. ಸ್ಕ್ರೀನ್ ಹಿಡಿದವನೂ ಹಾಗೆಯೇ: ಒಂದು ಹೆಜ್ಜೆ ನೋಡಲು, ಒಂದು ಹೆಜ್ಜೆ ತಿರುಗಲು, ಮೂರನೆಯದು ಎದುರಿನ ಗೋಲ್‌ಗೆರೆಯತ್ತ. ತಡೆಯುತ್ತಿರುವ ಜೊತೆಗಾರನ ಯಾವ ಭುಜದ ಪಕ್ಕ ಜಾಗ ತೆರೆದಿದೆಯೋ ಅಲ್ಲೇ ನುಗ್ಗಬೇಕು. ನಾಲ್ಕು ಗಜ ಸಿಕ್ಕರೆ ನಾಲ್ಕು ಗಜವೇ ಸರಿ. ನಲವತ್ತಕ್ಕೆ ಆಸೆಪಟ್ಟು ಇದ್ದ ನಾಲ್ಕನ್ನೂ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಚೆಂಡನ್ನು ಪೂರ್ತಿ ಹಿಡಿದ ಮೇಲೆ ಓಡಿ; ಓಡುತ್ತ ಹಿಡಿಯಲು ಹೋಗಬೇಡಿ.

ನಿಯಮ ಪುಸ್ತಕ ಯಾವುದು?

ಪಂದ್ಯಕ್ಕೆ ಮೊದಲು ಅಧಿಕಾರಿಗಳನ್ನು ಕೇಳಿಯೇ ಕೇಳಿ. ಎನ್‌ಎಫ್‌ಎಲ್ ನಿಯಮದಲ್ಲಿ ಚೆಂಡು ಕೈಬಿಡುವ ಮೊದಲು ಲೈನ್‌ಮನ್ ಗೆರೆಯಿಂದ ಒಂದು ಗಜಕ್ಕಿಂತ ಮುಂದೆ ಹೋದರೆ 5 ಗಜ ದಂಡ. ರಿಸೀವರ್ ಅಷ್ಟೇ ದೂರ ಮುಂದೆ ಹೋಗಿ, ಎಸೆಯುವ ಮೊದಲೇ ತಡೆಯಲು ತೊಡಗಿದರೆ 10 ಗಜ. ಕಾಲೇಜು ನಿಯಮ ಸಡಿಲ: ಚೆಂಡು ಗೆರೆ ದಾಟದಿದ್ದರೆ ಇವೆರಡೂ ತಪ್ಪಲ್ಲ. ಅಂತರರಾಷ್ಟ್ರೀಯ ಒಕ್ಕೂಟವಾದ ಐಎಫ್‌ಎಎಫ್‌ನ ಟ್ಯಾಕಲ್ ನಿಯಮಗಳಿಗೆ ಆಧಾರ ಈ ಕಾಲೇಜು ಪುಸ್ತಕವೇ.

ಒಳಕ್ಕೆ ನುಗ್ಗುವ ಟನಲ್ ಸ್ಕ್ರೀನ್‌ನಲ್ಲಿ ಇದು ಜೀವನ್ಮರಣದ ಪ್ರಶ್ನೆ, ಏಕೆಂದರೆ ಅಲ್ಲಿ ದಪ್ಪ ಲೈನ್‌ಮನ್‌ಗಳೇ ಓಡಿಹೋಗಿ ದಾರಿ ಬಿಡಿಸಬೇಕು. ಲೈನ್‌ಮನ್ ತನ್ನ ಎದುರಿನವನನ್ನು ಒಮ್ಮೆ ತಳ್ಳಿ, ಮನಸ್ಸಿನಲ್ಲಿ ಒಂದು ಎಣಿಸಿ, ಆಮೇಲೆ ಹೊರಡಬೇಕು. ತಳ್ಳದೆ ಹೊರಟರೆ ಎದುರಾಳಿಗೆ ಆಟದ ಗುಟ್ಟು ಗೊತ್ತಾಗುತ್ತದೆ, ಅಂಥವನು ಕ್ವಾರ್ಟರ್‌ಬ್ಯಾಕ್‌ನ ಮುಖದೆದುರು ಕೈ ಎತ್ತಿ ಚೆಂಡನ್ನು ತಡೆಯುತ್ತಾನೆ.

ಸ್ಕ್ರೀನ್ ತೋರಿಸಿ ದೂರಕ್ಕೆ ಎಸೆಯುವ ಆಟ ಇಟ್ಟುಕೊಳ್ಳಿ, ಕಾರ್ನರ್‌ಗಳು ಮುಂದೆ ನುಗ್ಗಲು ಕಲಿತ ಮೇಲೆ ಅದು ಬೇಕು. ಆದರೆ ಅಲ್ಲಿ ಚೆಂಡು ಗೆರೆ ದಾಟುತ್ತದೆ, ಸಡಿಲಿಕೆ ಇಲ್ಲ. ತಡೆಯುವಂತೆ ನಟಿಸಬೇಕೇ ಹೊರತು ಮೈ ಮುಟ್ಟಬಾರದು.

ಯಾವಾಗ ಕರೆಯಬಾರದು? ಮೂರನೆಯ ಪ್ರಯತ್ನದಲ್ಲಿ ಹದಿನೈದು ಗಜ ಬೇಕಾದಾಗ, ಬೇರೇನೂ ತೋಚದೆ, ಬೈಗುಳ ತಪ್ಪಿಸಿಕೊಳ್ಳಲು ಕರೆಯಬೇಡಿ. ಒಂದೇ ನಿಲುವಿನಿಂದ ಒಂದೇ ಬದಿಗೆ ಮತ್ತೆ ಮತ್ತೆ ಬೇಡ. ತಡೆಯುವವನು ಕಾಲು ಎಳೆಯುತ್ತಿದ್ದರೆ ಅಂದು ಆ ಬದಿಗೆ ಬೇಡವೇ ಬೇಡ.

ನಂಬಿಕೆ ಇದ್ದರೆ ದೊಡ್ಡ ಹೊತ್ತಿನಲ್ಲೂ ಕರೆಯಿರಿ. 2017ರ ಫೆಬ್ರವರಿ 5ರಂದು ಹ್ಯೂಸ್ಟನ್‌ನಲ್ಲಿ ನಡೆದ 51ನೇ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಒಮ್ಮೆ 3-28ರಿಂದ ಹಿಂದಿತ್ತು. ಒಂದು ನಿಮಿಷಕ್ಕೂ ಕಡಿಮೆ ಉಳಿದಾಗ 26-28. ಸಮ ಮಾಡಲು ಎರಡು ಅಂಕ ಬೇಕು, ದೂರ ಎರಡು ಗಜ. ಅವರು ಆರಿಸಿಕೊಂಡದ್ದು ರಿಸೀವರ್ ಸ್ಕ್ರೀನ್. ಟಾಮ್ ಬ್ರೇಡಿ ಎಸೆದರು, ಡ್ಯಾನಿ ಅಮೆಂಡೋಲಾ ಹಿಡಿದು ಗೆರೆ ಮುಟ್ಟಿಸಿದರು. ಹೆಚ್ಚುವರಿ ಅವಧಿಯಲ್ಲಿ ತಂಡ 34-28ರಿಂದ ಗೆದ್ದಿತು. ಆ ವಿಡಿಯೊ ನಿಮ್ಮ ಹುಡುಗರಿಗೆ ತೋರಿಸಿ. ಮೊದಲ ಸಲ ಚೆಂಡನ್ನು ನೋಡಲಿ. ಎರಡನೆಯ ಸಲ ಅಮೆಂಡೋಲಾ ಮುಂದಿದ್ದವರ ಕಾಲುಗಳನ್ನು ಮಾತ್ರ ನೋಡಲಿ.

ಫ್ಲ್ಯಾಗ್ ಆಡುವವರಿಗೆ

2023ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಸೇರಿದ್ದ ಒಲಿಂಪಿಕ್ ಸಮಿತಿ ಅಧಿವೇಶನ ಫ್ಲ್ಯಾಗ್ ಫುಟ್‌ಬಾಲ್ ಅನ್ನು 2028ರ ಲಾಸ್ ಏಂಜಲೀಸ್ ಕೂಟಕ್ಕೆ ಸೇರಿಸಿತು. ಐವರಿಗೆ ಐವರು ಆಡುವ ಆ ಆಟದಲ್ಲಿ ತಡೆಯುವುದು ನಿಷಿದ್ಧ. ಹೀಗಾಗಿ ಮೇಲೆ ಹೇಳಿದ ಮರೆ ಅಲ್ಲಿಲ್ಲ. ಗೆರೆಯ ಹಿಂದೆ ಥಟ್ಟನೆ ಎಸೆಯಬಹುದು, ಆದರೆ ಹಿಡಿದವನು ಒಂಟಿ. ಜೊತೆಗಾರರು ದೂರ ಸರಿದು ನಿಲ್ಲಬೇಕು. ಎರಡನ್ನೂ ಆಡುವ ಹುಡುಗರಿಗೆ ಎರಡನ್ನೂ ಒಂದೇ ದಿನ ಕಲಿಸಬೇಡಿ.

ಟ್ಯಾಕಲ್ ಅಭ್ಯಾಸದ ದಿನ ಮೊದಲ ಇಪ್ಪತ್ತು ನಿಮಿಷ ಚೆಂಡು ಚೀಲದಲ್ಲೇ ಇರಲಿ. ಮೂವರು ಈ ಕಡೆ, ಇಬ್ಬರು ಆ ಕಡೆ. ಚಪ್ಪಾಳೆ ತಟ್ಟಿದೊಡನೆ ಇಬ್ಬರು ತಡೆಯಬೇಕು, ಮೂರನೆಯವನು ಬರಿಗೈಯಲ್ಲಿ ನುಗ್ಗಬೇಕು. ಹತ್ತರಲ್ಲಿ ಎಂಟು ಸಲ ಅವನು ಐದು ಗಜ ದಾಟಿದ ಮೇಲೆ ಚೀಲ ಬಿಚ್ಚಿ.